ಹಕಾರವಿಲ್ಲದ ಲೆಕ್ಕ

ಸಿದ್ದರಾಜುವಿಗೆ ಒಂದು ಕಡೆ ನೆಟ್ಟಗೆ ಕೂತು ಗೊತ್ತಿಲ್ಲ. ಕೆಲಸವೋ ಕೂತೇ ಮಾಡುವಂಥದ್ದು. ಭಾರತೀನಗರದಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ ಒಬ್ಬರ ವೇಬ್ರಿಡ್ಜು. ಕಬ್ಬಿನ ಲಾರಿ, ಭತ್ತದ ಟ್ರ್ಯಾಕ್ಟರು, ಎಳನೀರಿನ ಟೆಂಪೊ, ಯಾವುದೇ ಬರಲಿ, ಗಾಜಿನ ಕಿಟಕಿಯ ಹಿಂದೆ ಕೂತು ತೂಕದ ಚೀಟಿ ಕೊಡುವವನು ಇವನು. ಹನ್ನೊಂದು ವರ್ಷದಿಂದ ಸುತ್ತಲಿನ ಊರುಗಳ ಫಸಲನ್ನೆಲ್ಲ ಕೇಜಿ ಲೆಕ್ಕದಲ್ಲಿ ಹೇಳಿದ್ದಾನೆ. ತನ್ನ ಹತ್ತೊಂಬತ್ತು ಸಾವಿರ ಸಂಬಳ ಮಾತ್ರ ಹದಿನೈದನೇ ತಾರೀಖಿನ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಹೆಂಡತಿ ಕೇಳಿದರೆ, ಎದ್ದು ಟೀ ಅಂಗಡಿಗೆ ಹೋಗಿಬಿಡುತ್ತಿದ್ದ.

ಈ ಸಂಕ್ರಾಂತಿಗೆ ಅವನ ಹೆಂಡತಿ ಶ್ವೇತ ಆ ದಾರಿಯನ್ನೂ ಮುಚ್ಚಿದಳು. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಕಾಲೇಜಿನ ಎದುರು ದಾರ, ಲೈನಿಂಗ್ ಬಟ್ಟೆ ಮಾರುವ ಜಕೀವುಲ್ಲಾ ಸಾಹೇಬರು ತಮ್ಮ ಅಂಗಡಿಯ ಪಕ್ಕದ ಮಳಿಗೆ ಖಾಲಿಯಾಗುವುದನ್ನು ಮೊದಲು ಅವಳಿಗೇ ಹೇಳಿದ್ದರು. ನಲವತ್ತು ಸಾವಿರ ಅಡ್ವಾನ್ಸು, ಯುಗಾದಿಯ ತನಕ ಬೇರೆಯವರಿಗೆ ಕೊಡುವುದಿಲ್ಲ ಎಂದು ಮಾತು. ಅವಳ ಹತ್ತಿರ ಇದ್ದದ್ದು ಇಪ್ಪತ್ತೆರಡು ಸಾವಿರ. ಉಳಿದ ಹದಿನೆಂಟು ಮನೆಯ ಖರ್ಚಿನಿಂದಲೇ ಏಳಬೇಕಿತ್ತು. ಹತ್ತು ವರ್ಷದಿಂದ ಅಡುಗೆಮನೆಯ ಬಾಗಿಲಿಗೆ ಮೆಷಿನ್ ಹಾಕಿಕೊಂಡು, ಒಗ್ಗರಣೆ ಘಾಟಿನಲ್ಲಿ ಊರವರ ಬಟ್ಟೆ ಹೊಲಿದವಳಿಗೆ ಆ ಹತ್ತಡಿ ಮಳಿಗೆಯ ಮೇಲೆ ಎಷ್ಟು ಆಸೆ ಇತ್ತೆಂದರೆ, ಬೋರ್ಡಿಗೆ ಯಾವ ಬಣ್ಣ ಎಂಬುದೂ ತೀರ್ಮಾನವಾಗಿತ್ತು.

ಅವಳ ಅಕ್ಕನ ಮಗಳು ಚಂದನ ಮಳವಳ್ಳಿಯಿಂದ ಬಂದಾಗ ಗಂಡ ಹೆಂಡತಿ ಇಬ್ಬರ ಫೋನಿಗೂ ಖರ್ಚು ಬರೆಯುವ ಒಂದು ಆ್ಯಪ್ ಹಾಕಿಕೊಟ್ಟಳು. ಒಬ್ಬರು ಬರೆದದ್ದು ಇನ್ನೊಬ್ಬರಿಗೂ ಕಾಣುತ್ತದೆ. ಬರೆಯುವುದೂ ಬೇಡ.

"ಬಾಯಲ್ಲಿ ಹೇಳಿದ್ರೆ ಸಾಕು ಚಿಕ್ಕಮ್ಮ, ಅದೇ ಬರ್ಕೊಳತ್ತೆ" ಎಂದಳು ಚಂದನ.

ಬರೆದುಕೊಂಡಿತು ನಿಜ. ಆದರೆ ಆ ಫೋನು ಯಾವ ಊರಿನ ಕನ್ನಡ ಕಲಿತಿತ್ತೋ, ಮಂಡ್ಯದ ಕಡೆಯದಂತೂ ಅಲ್ಲ. ನಮ್ಮ ಕಡೆ ಹಕಾರಕ್ಕೆ ಬೆಲೆ ಇಲ್ಲವಲ್ಲ. ಶ್ವೇತ "ಆಲು ಇಪ್ಪತ್ತಾರು" ಎಂದರೆ ಅದು 'ಆಳು 26' ಎಂದು ಬರೆಯಿತು. "ಊವು ಮೂವತ್ತು" ಎಂದದ್ದಕ್ಕೆ 'ಊರು 30' ಎಂದಿತು. ಬಾಳೆಹಣ್ಣು ತಂದು "ಅಣ್ಣು ನಲವತ್ತು" ಎಂದಳು. ಪರದೆಯ ಮೇಲೆ 'ಅಣ್ಣ 40' ಎಂದು ಬಂತು. ನಾಲ್ಕನೇ ಕ್ಲಾಸಿನ ಮಗಳು ಗಗನ ಬಿದ್ದು ಬಿದ್ದು ನಕ್ಕಳು.

"'ಹ' ಅನ್ನಿ ಚಿಕ್ಕಮ್ಮ, ಗಟ್ಟಿಯಾಗಿ" ಎಂದು ಚಂದನ ಎರಡು ಸಲ ಹೇಳಿಕೊಟ್ಟಳು.

"ನಂಗೆ ಗೊತ್ತಾದ್ರೆ ಸಾಕು ಬುಡು. ಅದೇನ್ ಪರೀಕ್ಸೆ ಬರೀತದಾ" ಎಂದಳು ಶ್ವೇತ. ಅಲ್ಲಿಗೆ ಆ ಮನೆಯಲ್ಲಿ ಆಳು ಎಂದರೆ ಹಾಲು, ಊರು ಎಂದರೆ ಹೂವು, ಅಣ್ಣ ಎಂದರೆ ಹಣ್ಣು ಎಂದಾಯಿತು.

ಮೊದಲ ಎರಡು ವಾರ ಸಿದ್ದರಾಜು ಟೀ ಕುಡಿದದ್ದನ್ನೂ ಬಿಡದೆ ಹೇಳಿದ. ದಿನಕ್ಕೆ ಅರುವತ್ತು ರೂಪಾಯಿ ಟೀ, ಬೀಡಿ, ಮದ್ದೂರು ವಡೆಗೇ ಹೋಗುತ್ತಿದೆ ಎಂದು ಕಂಡಾಗ ಅವನಿಗೇ ನಾಚಿಕೆಯಾಯಿತು. ಅರ್ಧಕ್ಕೆ ಇಳಿಸಿದ. ಹೆಂಡತಿ ಅವತ್ತು ಉಪ್ಸಾರಿಗೆ ಕೇಳದೆಯೇ ತುಪ್ಪ ಬಡಿಸಿದಳು.

ಮೂರನೇ ವಾರ ಸ್ವಾಮಿ ಬಂದ.

ಸ್ವಾಮಿ ಸಿದ್ದರಾಜುವಿನ ಅಣ್ಣ. ಚಿಕ್ಕರಸಿನಕೆರೆಯಲ್ಲಿ ಇದ್ದಾನೆ. ಐದು ವರ್ಷದ ಹಿಂದೆ ಭಾಗವಾಗುವಾಗ ಪಂಚಾಯ್ತಿಯವರ ಎದುರಿಗೇ ಶ್ವೇತಳನ್ನು "ಮನೆ ಒಡೆಯೋಕ್ ಬಂದೋಳು" ಎಂದುಬಿಟ್ಟಿದ್ದ. ಅಂದಿನಿಂದ ಅವನು ಇವರ ಹೊಸಿಲು ತುಳಿದಿಲ್ಲ, ಇವಳು ಅವನ ಹೆಸರು ಎತ್ತಿಲ್ಲ. ಗಂಡನ ದುಡ್ಡು ಒಂದು ರೂಪಾಯಿಯೂ ಆ ಕಡೆ ಹೋಗಬಾರದು ಎಂಬುದು ಅವಳ ಒಂದೇ ಷರತ್ತು. ಕಿರಿಯವನ ಜೊತೆ ಬಂದ ತಾಯಿ ಅಂಕಮ್ಮ ಎರಡೂ ಕಡೆ ಮಾತಾಡದೆ ಸುಮ್ಮನಾಗಿದ್ದಳು. ಹೋದ ವರ್ಷ ಸ್ವಾಮಿ ಟ್ರಾಲಿಯಿಂದ ಬಿದ್ದು ಮಂಡಿ ಚಿಪ್ಪು ಮುರಿದುಕೊಂಡಿದ್ದಾನೆ ಎಂದು ಯಾರೋ ಹೇಳಿದ್ದಷ್ಟೇ.

ಅವನು ವೇಬ್ರಿಡ್ಜಿನ ಕಿಟಕಿಯ ಮುಂದೆ ಕೋಲು ಊರಿಕೊಂಡು ನಿಂತಿದ್ದ. ಏನೂ ಕೇಳಲಿಲ್ಲ.

"ಮಂಡ್ಯದ್ ಆಸ್ಪತ್ರೆಗ್ ಓಗ್ಬೇಕಿತ್ತು ಕಣ್ಲಾ. ಬಸ್ಸು ಓಯ್ತು" ಎಂದು ರಸ್ತೆಯ ಕಡೆ ನೋಡಿದ.

ಬಸ್ಸು ಹೋಗಿರಲಿಲ್ಲ, ಅಲ್ಲೇ ನಿಂತಿತ್ತು. ತನ್ನನ್ನು ಐಟಿಐಗೆ ಕಳಿಸಲು ಹದಿನೇಳನೇ ವಯಸ್ಸಿಗೇ ಶಾಲೆ ಬಿಟ್ಟು ಗದ್ದೆಗೆ ಇಳಿದ ಮನುಷ್ಯ ಹೀಗೆ ಸುಳ್ಳು ಹೇಳಿಕೊಂಡು ನಿಂತದ್ದನ್ನು ನೋಡಲಾಗದೆ ಸಿದ್ದರಾಜು ಜೇಬಿನಲ್ಲಿದ್ದ ಐನೂರರ ನೋಟನ್ನು ಚೀಟಿಯ ಕೆಳಗೆ ಇಟ್ಟು ಕಿಟಕಿಯಿಂದ ತಳ್ಳಿದ.

ಸಾಯಂಕಾಲ ಫೋನಿಗೆ ಹೇಳಬೇಕಲ್ಲ. ಬೈಕಿನ ಪಕ್ಕ ನಿಂತು, ಮನೆಗೆ ಹೋದ ಮೇಲೆ ಇರುವ ವಿಷಯ ಹೇಳಿಯೇಬಿಡುವುದು ಎಂದುಕೊಂಡು, ಉಸಿರು ಬಿಟ್ಟು ಹೇಳಿದ. "ಅಣ್ಣ ಐನೂರು."

ಮನೆಗೆ ಹೋದರೆ ಶ್ವೇತ ಫೋನು ಹಿಡಿದೇ ಇದ್ದಳು. "ಐನೂರ್ ರೂಪಾಯ್ ಅಣ್ಣಾ? ಯಾರಿಗ್ರೀ?"

ಹೇಳಿಬಿಡಲು ಅವನು ಬಾಯಿ ತೆರೆದ. ಆಮೇಲೆ ಹೊಳೆಯಿತು, ಅವಳು ಕೇಳುತ್ತಿರುವುದು ಹಣ್ಣಿನ ಬಗ್ಗೆ.

"ವೇಬ್ರಿಡ್ಜಲ್ಲಿ ಪೂಜೆ ಇತ್ತು. ನನ್ ಪಾಲಿಗ್ ಅಣ್ಣು ಬಿತ್ತು" ಎಂದ. ಬಹಳ ಸಲೀಸಾಗಿ ಬಂತು ಮಾತು. ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ಗೊತ್ತಿದ್ದರೆ ಮನುಷ್ಯ ಸ್ವಲ್ಪ ಹೆದರಿಕೊಳ್ಳುತ್ತಿದ್ದ.

ಅಲ್ಲಿಂದ ಸ್ವಾಮಿ ವಾರಕ್ಕೊಮ್ಮೆ ಬಂದ. ಒಂದು ಸಲ ಸಾವಿರ, ಮಾತ್ರೆ ಮುಗಿದಿದ್ದ ವಾರ ಒಂದೂವರೆ ಸಾವಿರ. ಪ್ರತಿ ಸಲವೂ ಸಿದ್ದರಾಜು ಅದೇ ಮಾತು ಹೇಳಿದ, ಪ್ರತಿ ಸಲವೂ ಫೋನು ಅದನ್ನೇ ಬರೆಯಿತು. ಅವನು ಹೇಳಿದ್ದು ನಿಜವೇ, ಅದು ಬರೆದದ್ದೂ ನಿಜವೇ. ಓದುವವಳಿಗೆ ಮಾತ್ರ ಬೇರೆ ಅರ್ಥವಾಗುತ್ತಿತ್ತು. ಅನುಮಾನ ಬರದಿರಲಿ ಎಂದು ಎರಡು ಸೇಬೋ ಅರ್ಧ ಪರಂಗಿಯೋ ತಂದು ತಾಯಿಯ ಹಾಸಿಗೆಯ ಪಕ್ಕ ಇಡುತ್ತಿದ್ದ. ಶ್ವೇತ ಕೇಳಿದರೆ, "ಸೇಬು ಕೇಜಿ ಇನ್ನೂರೈವತ್ತು ಕಣೇ, ಅವ್ವುಂಗೆ ಅಂತ ತಂದೆ" ಎನ್ನುತ್ತಿದ್ದ.

ಹೇಳುವುದು ಸುಲಭವಾದರೂ ಹೇಳಿದ ಮೇಲೆ ಇರುವುದು ಕಷ್ಟವಾಯಿತು. ಊಟಕ್ಕೆ ಕೂತರೆ ಎರಡು ತುತ್ತಿಗೆ ಏಳುವನು, ನೀರಿನ ನಲ್ಲಿ ಸರಿಯಾಗಿದ್ದರೂ ತಿರುಗಿಸುವನು. ಫೋನು ಟಿಣ್ ಎಂದರೆ ಬೆನ್ನು ನೆಟ್ಟಗಾಗುತ್ತಿತ್ತು. ಒಂದು ದಿನ ಲಾರಿಯೊಂದರ ಖಾಲಿ ತೂಕವನ್ನೇ ಲೋಡಿನ ತೂಕ ಎಂದು ಬರೆದು ಡ್ರೈವರನಿಂದ ಬೈಸಿಕೊಂಡ. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಮಾರ್ಚ್ ಒಂದನೇ ತಾರೀಖು ಶ್ವೇತ ಬಾಬ್ತುವಾರು ಮೊತ್ತ ತೆಗೆದಳು. ಅಕ್ಕಿ, ಆಳು, ಗ್ಯಾಸು, ಶಾಲೆ ವ್ಯಾನು. ಒಂದು ಸಾಲಿನಲ್ಲಿ ಬೆರಳು ನಿಂತಿತು. ಅಣ್ಣ, ಆರು ಸಾವಿರದ ನೂರ ನಲವತ್ತು.

"ಆರ್ ವಾರುಕ್ಕೆ ಆರ್ ಸಾವ್ರದ್ ಅಣ್ಣು ಈ ಮನೇಲ್ ಯಾರ್ ತಿಂದ್ರು?" ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. ಗಗನ ತಾನಲ್ಲ ಎಂದು ತಲೆ ಆಡಿಸಿದಳು. ಸಿದ್ದರಾಜು ಅಂಗಿಯ ಗುಂಡಿ ಹಾಕಿ ಬಿಚ್ಚಿ ಮಾಡುತ್ತಿದ್ದ. ಶ್ವೇತಳ ಕಣ್ಣು ಮೂಲೆಯಲ್ಲಿ ಕೂತಿದ್ದ ಅತ್ತೆಯ ಕಡೆಗೆ ಹೋಯಿತು. ಬೇರೆ ಯಾರ ಕಡೆ ಹೋಗಬೇಕಿತ್ತು?

ಅಂಕಮ್ಮ ಸೊಸೆಯ ಮುಖ ನೋಡಿದಳು, ಮಗನ ಮುಖ ನೋಡಿದಳು.

"ನಾನೇ ತಿಂದಿರ್ಬೇಕು ಕಣವ್ವ" ಎಂದಳು. "ತಂದ್ ಮಡುಗ್ತಿದ್ದ, ತಿಂತಿದ್ದೆ. ಎಷ್ಟು ಅಂತ ನೆಪ್ಪಿಲ್ಲ. ಇನ್ ಬ್ಯಾಡ ಬುಡು."

ಶ್ವೇತ ಕೆಟ್ಟವಳಲ್ಲ. ಅತ್ತೆಯ ಮಾತ್ರೆಯ ಹೊತ್ತು ಅವಳಿಗೆ ಬಾಯಿಪಾಠ. ಮಾತ್ರೆ ಕಹಿ ಎಂದು ಅದರ ಜೊತೆ ಅಂಕಮ್ಮ ಒಂದು ಬಾಳೆಹಣ್ಣು ತಿನ್ನುತ್ತಿದ್ದುದೂ ಗೊತ್ತು. ಆದರೂ ಯುಗಾದಿಗೆ ನಾಲ್ಕೇ ವಾರ ಉಳಿದಿತ್ತು. ಅವತ್ತಿನಿಂದ ಮನೆಗೆ ಹಣ್ಣು ಬರುವುದು ನಿಂತಿತು. ಸಿದ್ದರಾಜು ಅಲ್ಲೇ ಇದ್ದ. ಹೊರಗೆ ಹೋಗಿ ಬೈಕಿನ ಚೈನಿಗೆ ಎಣ್ಣೆ ಬಿಟ್ಟ, ಒಳಗೆ ಬಂದ, ಮತ್ತೆ ಹೋಗಿ ಬಿಟ್ಟ.

ಮರುದಿನ ಬೆಳಿಗ್ಗೆ ಅಂಕಮ್ಮ ಮಾತ್ರೆಯನ್ನು ನೀರಿನಲ್ಲಿ ನುಂಗಿ, ಮುಖ ಸಿಂಡರಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅವನಿಗೆ ಕಂಡಿತು. ಆಮೇಲೆ ದಿನಾ ಕಂಡಿತು. ಮಾತ್ರೆಯ ಹೊತ್ತಿಗೆ ಮನೆಯಲ್ಲೇ ಇರದಂತೆ ಅರ್ಧ ಗಂಟೆ ಮೊದಲೇ ಕೆಲಸಕ್ಕೆ ಹೊರಡತೊಡಗಿದ. ಸ್ವಾಮಿ ಮತ್ತೆ ಮೂರು ಸಲ ಬಂದ, ಇವನು ಮೂರು ಸಲವೂ ಕೊಟ್ಟ. ಈಗ ಹಣ್ಣು ಎನ್ನುವಂತಿಲ್ಲ. "ಪೆಟ್ರೋಲು ಐನೂರು" ಎಂದ. ಈ ಸಲ ಫೋನು ಒಂದಕ್ಷರ ತಪ್ಪದೆ ಬರೆಯಿತು, ಅದು ಅವನಿಗೆ ಇನ್ನೂ ಕಷ್ಟವಾಯಿತು. ನಿನ್ನ ಮಂಡಿಗೆ ನನ್ನ ಹೆಂಡತಿಯ ಅಂಗಡಿ ಹೋಗುತ್ತಿದೆ ಎಂದು ಅಣ್ಣನಿಗೆ ಹೇಳಿಬಿಡಲು ಒಂದೆರಡು ಸಲ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದುಂಟು. ಆ ಕೋಲು ನೋಡಿ ಒಳಗೆ ಎಳೆದುಕೊಂಡ.

ಯುಗಾದಿಗೆ ಎರಡು ದಿನ ಇರುವಾಗ, ಭಾನುವಾರ ಹನ್ನೊಂದು ಗಂಟೆಗೆ, ಶ್ವೇತ ನೆಲದ ಮೇಲೆ ದುಡ್ಡು ಹರಡಿ ಎಣಿಸಿದಳು. ಮೂವತ್ತಮೂರು ಸಾವಿರದ ಐನೂರು. ಇನ್ನೊಂದು ಸಲ ಎಣಿಸಿದಳು. ಫೋನು ತೆಗೆದು ಸಂಕ್ರಾಂತಿಯಿಂದ ಒಂದೊಂದೇ ಸಾಲು ಓದಿದಳು, ತನ್ನ ದಾರದ ಉಂಡೆ, ಸೂಜಿಯ ಲೆಕ್ಕ ಕೂಡ.

"ನಾನೇ ಎಲ್ಲೋ ತಪ್ ಮಾಡಿವ್ನಿ" ಎಂದಳು. "ನನ್ ಕೈಲಿ ಈ ಲೆಕ್ಕ ಗಿಕ್ಕ ಆಗಾಕಿಲ್ಲ ಕಣ್ರೀ. ಅಂಗ್ಡಿ ಬ್ಯಾರೆ ಕೇಡು."

ಅವಳು ಬೈದಿದ್ದರೆ ಅವನು ಎದ್ದು ಟೀ ಅಂಗಡಿಗೆ ಹೋಗಿರುತ್ತಿದ್ದ. ಅವಳು ತನ್ನನ್ನೇ ಬೈದುಕೊಂಡಳು. ಸಿದ್ದರಾಜು ಬಾಗಿಲ ತನಕ ಹೋಗಿ, ಚಪ್ಪಲಿಗೆ ಕಾಲು ತೂರಿಸಿ, ತೆಗೆದು, ವಾಪಸ್ ಬಂದು ಅವಳ ಎದುರು ಕುಕ್ಕರಗಾಲಲ್ಲಿ ಕೂತ.

"ಅದು ಅಣ್ಣಲ್ಲ ಕಣೇ" ಎಂದ.

"ಯಾವ್ದು?"

"ಫೋನಲ್ ಇರೋದು. ಅಣ್ಣಲ್ಲ. ಅಣ್ಣ."

ಅವಳಿಗೆ ತಿಳಿಯಲಿಲ್ಲ. ಈ ಬಾಯಿಗೆ ಆ ಎರಡೂ ಒಂದೇ. ಸಿದ್ದರಾಜು ನಾಲಿಗೆ ಒದ್ದೆ ಮಾಡಿಕೊಂಡು, ಶಾಲೆಯಲ್ಲಿ ಮೇಷ್ಟ್ರ ಮುಂದೆ ನಿಂತಂತೆ, ಎದೆಯಿಂದ ಉಸಿರು ದೂಡಿ ಹೇಳಿದ. "ಹ. ಹಣ್ಣಲ್ಲ. ಅಣ್ಣ. ನಮ್ಮಣ್ಣ. ಸ್ವಾಮಿ."

ಶ್ವೇತ ಫೋನಿನ ಕಡೆ ನೋಡಿದಳು. ಸಾಲುಗಳು ಅವೇ ಇದ್ದವು. ಬೆರಳಿಂದ ಮೇಲಕ್ಕೆ ಕೆಳಕ್ಕೆ ಸರಿಸಿದಳು, ನಿಜವಾದ ಹಣ್ಣಿನ ಚಿಲ್ಲರೆ ಸಾಲು ಬಿಟ್ಟು ಉಳಿದದ್ದನ್ನು ತುಟಿಯಲ್ಲೇ ಕೂಡಿದಳು. ಐದು ಸಾವಿರ. "ಪೆಟ್ರೋಲು?" ಎಂದಳು. ಅವನು ತಲೆ ತಗ್ಗಿಸಿದ. ಮೂರು ಐನೂರನ್ನು ಅದಕ್ಕೂ ಸೇರಿಸಿದಳು. ಆರೂವರೆ ಸಾವಿರ. ಕಮ್ಮಿ ಬಿದ್ದಿದ್ದೂ ಅಷ್ಟೇ. ಅವಳ ಲೆಕ್ಕ ಒಂದು ರೂಪಾಯಿಯೂ ತಪ್ಪಿರಲಿಲ್ಲ.

"ಬಾವುಂಗ್ ಕೊಟ್ಟಿದ್ದು ಇರ್ಲಿ" ಎಂದಳು ಫೋನು ಕೆಳಗಿಟ್ಟು. "ನಾನ್ ಬೈತಿದ್ದೆ, ಜಗಳ ಆಡ್ತಿದ್ದೆ, ಮುಗೀತಿತ್ತು. ನಿಮ್ಮವ್ವುನ್ ಬಾಯಿಂದ ಬಾಳೆಅಣ್ಣು ಕಿತ್ಕೊಂಡ್ನಲ್ಲ ನಾನು, ಒಂದು ತಿಂಗ್ಳು. ನೀವು ಪಕ್ದಲ್ ಕುಂತ್ಕೊಂಡು ನೋಡ್ತಿದ್ರಿ."

ಅವಳು ದುಡ್ಡನ್ನು ಮಡಿಚಿ ಡಬ್ಬಿಗೆ ಹಾಕಿದಳು. ಜಕೀವುಲ್ಲಾ ಸಾಹೇಬರಿಗೆ ಫೋನು ಮಾಡಿ, "ಸಾಬ್ರೆ, ನಮ್ಗೆ ಆಗ್ಲಿಲ್ಲ. ಬೇರೆಯೋರ್ಗ್ ಕೊಡಿ" ಎಂದಳು. ಅವರು ಆ ಕಡೆಯಿಂದ ಏನೋ ಹೇಳಿದರು. "ಇಲ್ಲ, ಸಾಲ ಮಾಡಾಕಿಲ್ಲ" ಎಂದು ಇಟ್ಟಳು. ದನಿ ಗಟ್ಟಿಯಾಗೇ ಇತ್ತು, ಕಣ್ಣಲ್ಲಿ ನೀರಿತ್ತು. ಸಿದ್ದರಾಜುವಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮುಂದಿನ ತಿಂಗಳಿಂದ ಟೀ ಬೀಡಿ ಪೂರಾ ಬಿಡುತ್ತೇನೆ, ಭಾನುವಾರವೂ ಕೆಲಸಕ್ಕೆ ಹೋಗುತ್ತೇನೆ, ದಸರಾ ಹೊತ್ತಿಗೆ ಬೇರೆ ಮಳಿಗೆ ನೋಡುವ ಎಂದು ಒಂದೇ ಉಸಿರಿಗೆ ಹೇಳತೊಡಗಿದ.

"ಲೇ ಸಿದ್ದ."

ಮೂಲೆಯಲ್ಲಿ ಅಂಕಮ್ಮ ಎದ್ದು ಗೋಡೆ ಹಿಡಿದು ನಿಂತಿದ್ದಳು. ಹಣ್ಣಿನ ಮಾತು, ದುಡ್ಡಿನ ಮಾತು, ಅಂಗಡಿಯ ಮಾತು ಎಲ್ಲ ಕೇಳಿಸಿಕೊಂಡಿದ್ದಳು. ಅದು ಯಾವುದೂ ಅವಳ ಮುಖದಲ್ಲಿ ಇರಲಿಲ್ಲ.

"ವಾರ್ವಾರಾ ಬತ್ತಿದ್ನಾ ಅವ್ನು?"

"ಊಂ ಕಣವ್ವ."

"ನೀನ್ ಕಣ್ಣಾರೆ ಕಂಡ್ಯಾ?"

ಅವನು ತಲೆ ಆಡಿಸಿದ.

"ಎಂಗವ್ನ್ಲಾ? ನಡಿಯಾಕ್ ಆಯ್ತದಾ ಅವ್ನ್ ಕೈಲಿ?" ಎಂದಳು ಅಂಕಮ್ಮ. "ನಾನ್ ಎತ್ತೋನ್ ಕಣ್ಲಾ ಅವ್ನೂವೆ. ಎರಡ್ ತಿಂಗ್ಳಿಂದ ನೋಡ್ಕೊಂಡ್ ಬಂದು, ನನ್ ಪಕ್ದಲ್ ಸೇಬ್ ಮಡುಗ್ಬುಟ್ಟು ಓಯ್ತಿದ್ದೆ. ಒಂದ್ ಮಾತ್ ಯೋಳ್ಲಿಲ್ವಲ್ಲ ನೀನು."

ಶ್ವೇತ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು, ಅತ್ತೆಯ ತೋಳು ಹಿಡಿದು ಕೂರಿಸಿದಳು. ಗಂಡನ ಕಡೆ ತಿರುಗಿ ನೋಡಲಿಲ್ಲ.

"ಬೈಕ್ ತಗಂಡ್ ಓಗಿ" ಎಂದಳು. "ಬಾವುನ್ ಕರ್ಕೊಂಡ್ ಬನ್ನಿ. ನಾನ್ ಅಂದೆ ಅಂತ ಯೋಳಿ."

ಸಿದ್ದರಾಜು ಚಪ್ಪಲಿ ಮೆಟ್ಟಿಕೊಂಡು ಚಿಕ್ಕರಸಿನಕೆರೆಯ ದಾರಿ ಹಿಡಿದ.