ಹೊಸ ಪಾಟ, ಹತ್ತು ನಿಮಿಷ

ಚಳ್ಳಕೆರೆಯ ನಮ್ಮ ಚರ್ಚಿನ ಯೂತ್ ಗ್ರೂಪಿನಲ್ಲಿ ಎಲ್ಲರಿಗಿಂತ ಹಿರಿಯಳು ನಾನು. ನಲವತ್ತೇಳು ಮುಗಿದಿದೆ. ಮದುವೆಯಾದ ವರ್ಷವೇ ಬಿಡಬೇಕಿತ್ತು. ಆದರೆ ಹಾಜರಿ ಪುಸ್ತಕ ನನ್ನ ಹತ್ತಿರ ಇತ್ತು, ಚಹಾದ ಫ್ಲಾಸ್ಕೂ ನನ್ನದೇ. ಎರಡನ್ನೂ ತಗೊಳ್ಳೋಕೆ ಯಾರೂ ಮುಂದೆ ಬರಲಿಲ್ಲ. ಹಾಗಾಗಿ ಪ್ರತಿ ಭಾನುವಾರ ಸಂಜೆ ಐದಕ್ಕೆ ಯುವಜನರ ಜೊತೆ ನಾನೂ ಮಂಡಿ ಹಿಡಿದುಕೊಂಡು ಚಾಪೆ ಮೇಲೆ ಕೂರುತ್ತೇನೆ.

ಹಾಜರಿ ಪುಸ್ತಕ ಅಂದೆ. ಅದರಲ್ಲಿ ಹಾಜರಿ ಮಾತ್ರ ಇಲ್ಲ. ಯಾವ ಹಾಡು ಹಾಡಿದೆವು, ಯಾರು ಪ್ರಾರ್ಥನೆ ಮಾಡಿದರು, ಯಾರ ಪ್ರಾರ್ಥನೆ ಉದ್ದವಾಗಿ ಚಹಾ ತಣ್ಣಗಾಯಿತು, ಮಂಡಕ್ಕಿಗೆ ಖಾರ ಜಾಸ್ತಿ ಆಯಿತಾ, ಎಲ್ಲಾ ಬರೆದಿಡುತ್ತೇನೆ. ಯಾರೂ ಓದುವುದಿಲ್ಲ. ಬರೆಯದಿದ್ದರೆ ನನಗೆ ಭಾನುವಾರ ಮುಗಿದಂತೆ ಅನಿಸುವುದಿಲ್ಲ.

ಗುಂಪು ದೊಡ್ಡದೇನಲ್ಲ. ಆಗ ನಾವು ಐದು ಜನ. ಅದರಲ್ಲಿ ಹೆಚ್ಚು ಮಾತಾಡುವವನು ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವವನು. ಮಾತೇ ಆಡದವಳು ನಮ್ಮ ಬೀದಿಯ ಟೈಲರ್ ಹುಡುಗಿ. ಇಪ್ಪತ್ತೆರಡು ವಯಸ್ಸು, ಶಿಶುವಿಹಾರದ ಟೀಚರ್ ತರಬೇತಿ ಮುಗಿಸಿ, ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಚಿಕ್ಕ ಮಕ್ಕಳ ಜೊತೆ ಅವಳ ಬಾಯಿ ನಿಲ್ಲುವುದಿಲ್ಲ. ದೊಡ್ಡವರು ಯಾರಾದರೂ ಮುಖ ನೋಡಿದರೆ ನಾಲಿಗೆ ಒಳಗೆ ಹೋಗಿಬಿಡುತ್ತದೆ. ಎರಡು ಕಡೆ ಇಂಟರ್ವ್ಯೂಗೆ ಹೋಗಿ ಬಂದಿದ್ದಳು. ಎರಡು ಕಡೆಯೂ "ಹೆಸರೇನಮ್ಮ" ಅಂದರೆ ಅಪ್ಪನ ಹೆಸರು ಹೇಳಿ ಬಂದಿದ್ದಳು.

ಮೊಳಕಾಲ್ಮೂರಿನ ಚರ್ಚಿನವರು ಒಂದು ಶಿಶುವಿಹಾರ ನಡೆಸುತ್ತಾರೆ. ಅಲ್ಲಿ ಟೀಚರ್ ಜಾಗ ಖಾಲಿ ಇತ್ತು. ಅದನ್ನು ನೋಡಿಕೊಳ್ಳುವವರು ರಿಟೈರ್ ಆದ ಒಬ್ಬ ಹೆಡ್‌ಮೇಡಂ. ನಮ್ಮ ಚರ್ಚಿನ ಪಾಸ್ಟರ್ ಅಯ್ಯನವರು ಹುಡುಗಿಯ ವಿಷಯ ತೆಗೆದಾಗ ಅವರು, "ಸರ್ಟಿಫಿಕೇಟ್ ಬೇಡ್ರಿ, ಕರ್ಕೊಂಡ್ ಬರ್ರಿ. ಒಂದ್ಸಲ ನೋಡ್ತೀನಿ" ಅಂದಿದ್ದರಂತೆ. ಹುಡುಗಿಯ ಅವ್ವ ನನ್ನ ಹತ್ತಿರ ಬಂದು, "ನೋಡಕ್ಕ, ಇದು ಮೂರನೇದು. ಇದೂ ಆಗ್ಲಿಲ್ಲ ಅಂದ್ರೆ ಸುಮ್ನೆ ಮಷೀನ್ ಮುಂದೆ ಕೂತ್ಕೊ ಅಂದೀನಿ. ಇವಳ ಬಾಯಿ ನಂಬ್ಕೊಂಡು ಎಷ್ಟು ಬಸ್ ಹತ್ಸಲಿ?" ಅಂದರು.

ಅದಾದ ವಾರಕ್ಕೆ ಮೊಳಕಾಲ್ಮೂರು ಯೂತ್ ಗ್ರೂಪಿನ ಕಾರ್ಯದರ್ಶಿಯಿಂದ ವಾಯ್ಸ್ ಮೆಸೇಜ್ ಬಂತು. ಆತ ರೇಷ್ಮೆ ಸೀರೆ ನೇಯುವವನು. ಹಿಂದೆ ಮಗ್ಗದ ಸದ್ದು. "ಅಕ್ಕಾ, ವಂದನೆ. ಬರೋ ತಿಂಗ್ಳು ಎರಡನೇ ಶನಿವಾರ ನಮ್ಮಲ್ಲಿ ಕೂಟ. ನಿಮ್ ಕಡೆಯಿಂದ ಒಂದು ಪಾಟ ಇರ್ಲಿ. ಹೊಸ ಪಾಟ ಅಕ್ಕ, ಹಳೇದು ಬ್ಯಾಡ. ಹತ್ತು ನಿಮಿಷ ಮೀರಬಾರ್ದು. ಹೆಡ್‌ಮೇಡಂನೇ ಮಾರ್ಕ್ಸ್ ಹಾಕ್ತಾರೆ."

ಈರುಳ್ಳಿ ಹೆಚ್ಚುತ್ತಾ ಮೂರು ಸಲ ಕೇಳಿದೆ. ನಮ್ಮ ಸೀಮೆಯಲ್ಲಿ ಠಕಾರಕ್ಕೆ ಅಂತ ಬೇರೆ ಉಸಿರು ಖರ್ಚು ಮಾಡುವವರು ಕಡಿಮೆ. ಪಾಟ ಅಂದರೆ ಪಾಠ ಅಂತ ಓದಿಕೊಂಡವರು ತಿದ್ದಿಕೊಳ್ಳಬೇಕು. ನಾನು ಓದಿಕೊಂಡವಳು, ತಿದ್ದಿಕೊಂಡೆ. ಪುಸ್ತಕದಲ್ಲಿ ದುಂಡಗೆ ಠ ಬರೆದು, ನಡುವೆ ಚುಕ್ಕೆಯನ್ನು ಒತ್ತಿ ಇಟ್ಟು, "ಹೊಸ ಪಾಠ, ಹತ್ತು ನಿಮಿಷ, ಮಾರ್ಕ್ಸ್ ಉಂಟು" ಅಂತ ಬರೆದೆ. ಹೆಡ್‌ಮೇಡಂ ಹುಡುಗಿಯನ್ನು ನೋಡಬೇಕು ಅಂತಲೇ ಈ ಏರ್ಪಾಡು ಮಾಡಿದ್ದಾರೆ ಅಂತ ನನಗೆ ಸಂಶಯವೇ ಉಳಿಯಲಿಲ್ಲ. ಓಡಿಹೋಗಿ ಹೇಳಿದೆ. ಹುಡುಗಿ ಸೂಜಿಗೆ ದಾರ ಪೋಣಿಸುತ್ತಿದ್ದವಳು ಪೋಣಿಸುತ್ತಲೇ ಇದ್ದಳು, ದಾರ ಮಾತ್ರ ಹೋಗಲಿಲ್ಲ.

ಮೂರು ವಾರ ತಯಾರಿ ನಡೆಯಿತು. ನೂರು ಕುರಿಯಲ್ಲಿ ಒಂದು ಕಳೆದುಹೋದ ಕಥೆಯನ್ನು ಆರಿಸಿದಳು. ಬ್ಲೌಸಿನ ಲೈನಿಂಗ್ ಬಟ್ಟೆಯಲ್ಲಿ ಬಿಳಿ ಕುರಿ ಕತ್ತರಿಸಿ, ಹತ್ತಿ ತುಂಬಿ, ಬೆನ್ನಿಗೆ ಪಿನ್ನು ಹೊಲಿದಳು. ನೂರು ಮಾಡಲು ಬಟ್ಟೆ ಸಾಲದು ಅಂತ ಹತ್ತೇ ಮಾಡಿದಳು. ಒಂದು ಕುರಿ ಅಂದರೆ ಹತ್ತು ಕುರಿ ಅಂತ ಲೆಕ್ಕ. ಅವುಗಳನ್ನು ಚುಚ್ಚಲು ಒಂದು ಕರಿ ಬಟ್ಟೆ.

ಶನಿವಾರ ಬೆಳಿಗ್ಗೆ ನಾವು ಐದೂ ಜನ ಬಾಡಿಗೆ ಗಾಡಿ ಹತ್ತಿದೆವು. ಡ್ರೈವರ್ ದೊಡ್ಡಉಳ್ಳಾರ್ತಿಯವನು, ಅವನಪ್ಪ ಈಗಲೂ ಕುರಿ ಮೇಯಿಸುತ್ತಾರೆ. ನನ್ನ ಬ್ಯಾಗಿನಲ್ಲಿ ಚಿತ್ರಾನ್ನದ ಡಬ್ಬಿ, ಅದರ ಪಕ್ಕದಲ್ಲಿ ಕುರಿಗಳ ಕವರ್. ತಳಕು ದಾಟುವಾಗ ಹುಡುಗಿ ಕಿಟಕಿ ಕಡೆ ಮುಖ ಮಾಡಿಕೊಂಡು ಮೆಲ್ಲಗೆ ಒಪ್ಪಿಸತೊಡಗಿದಳು. "ಒಬ್ಬ ಮನುಷ್ಯನಿಗೆ ನೂರು ಕುರಿ ಇದ್ದವು. ಒಂದು ಕಳೆದುಹೋಯಿತು. ಅವನು ತೊಂಬತ್ತೊಂಬತ್ತನ್ನೂ ಅಲ್ಲೇ ಬಿಟ್ಟು..."

"ಎಲ್ಲಿ ಬಿಟ್ಟ?" ಅಂದ ಡ್ರೈವರ್.

ಹುಡುಗಿ ಕಿಟಕಿಗೆ ಇನ್ನಷ್ಟು ಒತ್ತಿಕೊಂಡಳು. ಮೊಬೈಲ್ ಅಂಗಡಿಯವನು, "ಕುರಿ ಮೇಯೋ ಕಾವಲಿನಾಗೆ ಅಂತ ಇಟ್ಕೋ ಅಣ್ಣ" ಅಂದ.

"ಬೇಲಿ ಐತಾ?"

"ಇಲ್ಲ."

"ನಾಯಿ?"

"ಕತೆಯಾಗೆ ನಾಯಿ ಇಲ್ಲ."

"ಹಂಗಾದ್ರೆ ಆಯಪ್ಪ ವಾಪಸ್ ಬರೋ ಹೊತ್ಗೆ ಎಂಬತ್ತೂ ಇರಲ್ಲ ಕಣ್ರಪ್ಪ. ತೋಳ ಐತೆ. ಒಂದಕ್ಕೋಸ್ಕರ ಯಾವನಾದ್ರೂ ಅಷ್ಟನ್ನ ಬಿಟ್ಟು ಹೋಗ್ತಾನಾ?"

"ಅಣ್ಣ, ಅದು ದೇವರ ಕತೆ."

"ದೇವರ್ದಾದ್ರೂ ಕುರಿ ಕುರಿನೇ ಅಲ್ವೇನ್ಲೇ. ಈಗಂತೂ ನಮ್ ಕಾವಲ್ ಸುತ್ತ ಸರ್ಕಾರದ ಸಂಸ್ಥೆಗಳ ಗೋಡೆ ಎದ್ದಾವೆ. ಕಳದ್ ಕುರಿ ಹುಡ್ಕಾಕೂ ಗೇಟ್‌ನಾಗೆ ಸಹಿ ಹಾಕ್ಬೇಕು."

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಹಿರೇಹಳ್ಳಿ ದಾಟಿದ ಮೇಲೆ, ಸೀಟಿನ ಹಿಂಭಾಗ ನೋಡುತ್ತಾ ಕೇಳಿದಳು: "ಅಣ್ಣಾ, ಒಂದು ಕಳೆದ್ರೆ ನಿಮ್ಮಪ್ಪ ಏನ್ ಮಾಡ್ತಾರೆ?"

ಡ್ರೈವರ್ ಗೇರ್ ಬದಲಾಯಿಸಿದ. "ಹೋಗ್ತಾನೆ ಕಣವ್ವ. ಹೋಗ್ದಿದ್ರೆ ಮುದುಕನಿಗೆ ಅನ್ನ ಇಳಿಯಲ್ಲ. ಆದ್ರೆ ಸುಮ್ನೆ ಬಿಟ್ಟು ಹೋಗಲ್ಲ. ಪಕ್ಕದ ಮಂದೆಯೋನಿಗೆ ಕೂಗ್ತಾನೆ, ಲೇ, ಇವನ್ನ ಒಂಚೂರು ನೋಡ್ಕಳ್ಲೇ ಅಂತ. ಅವನದ್ದು ಕಳದಾಗ ಇವನು ನೋಡ್ಕಂತಾನೆ."

ಹಾನಗಲ್ ಹತ್ತಿರ ಮೊಳಕಾಲ್ಮೂರಿನ ಕಡೆ ತಿರುಗುವವರೆಗೂ ಹುಡುಗಿ ಒಪ್ಪಿಸುವುದನ್ನು ಬಿಟ್ಟು ಯೋಚಿಸುತ್ತಿದ್ದಳು.

ಚರ್ಚಿನ ಅಂಗಳದಲ್ಲಿ ಇಳಿದಾಗಲೇ ನನಗೆ ಏನೋ ಸರಿಯಿಲ್ಲ ಅನಿಸಿತು. ಶಾಮಿಯಾನದ ಕೆಳಗೆ ಡೋಲಕ್, ಕೀಬೋರ್ಡ್, ಎರಡು ತಬಲಾ. ಊರವರ ಹೆಣ್ಣುಮಕ್ಕಳು ಒಂದೇ ಬಣ್ಣದ ಸೀರೆ ಉಟ್ಟು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಕಾರ್ಯದರ್ಶಿ ಕಾಗದ ಹಿಡಿದುಕೊಂಡು ಓಡಿಬಂದ.

"ರಂಡಿ ಅಕ್ಕಾ, ರಂಡಿ, ಬನ್ನಿ. ಶ್ರುತಿ ಯಾವ್ದು?"

"ನಮ್ಮಲ್ಲಿ ಶ್ರುತಿ ಅಂತ ಯಾರೂ ಇಲ್ಲಪ್ಪ" ಅಂದೆ.

"ಅಲ್ಲ ಅಕ್ಕ, ಪಾಟದ್ದು. ಯಾವ ಶ್ರುತಿಯಲ್ಲಿ ಹಾಡ್ತೀರಿ? ಕೀಬೋರ್ಡ್‌ನೋನಿಗೆ ಹೇಳ್ಬೇಕು."

ಆಗ ಗೊತ್ತಾಯಿತು. ಅವರ ಮನೆಮಾತು ತೆಲುಗು, ರಂಡಿ ಅಂದರೆ ಬನ್ನಿ. ತೆಲುಗಿನಲ್ಲಿ ಪಾಟ ಅಂದರೆ ಹಾಡು. ಕನ್ನಡ ಮಾತಾಡುವಾಗಲೂ ಆ ಒಂದು ಪದ ಅವರ ಬಾಯಲ್ಲಿ ಹಾಗೇ ಉಳಿದುಕೊಂಡಿದೆ. ಇದು ಹಾಡಿನ ಸ್ಪರ್ಧೆ. ಸಾಕ್ಷಿಗೆ ಅಂತ ಆತ ತನ್ನ ಮೊಬೈಲಿನಲ್ಲಿ ವಾಯ್ಸ್ ಮೆಸೇಜ್ ಹಾಕಿ ಕೇಳಿಸಿದ.

"ಕೇಳಿ ಅಕ್ಕ. ಪಾಟ ಅಂತಾನೇ ಹೇಳೀನಿ."

"ನಾನೂ ಅದನ್ನೇ ಕೇಳಿದ್ದು ಕಣಪ್ಪ" ಅಂದೆ. ಇಬ್ಬರದೂ ಸುಳ್ಳಲ್ಲ. ಆ ಚುಕ್ಕೆ ಒಂದು ನಾನು ಇಟ್ಟಿದ್ದು.

ಹುಡುಗಿಗೆ ಹೇಳಿದೆ. ಅವಳು ಕರಿ ಬಟ್ಟೆಯನ್ನು ಮಡಚಿದಳು, ಮತ್ತೆ ಮಡಚಿದಳು, ಕರ್ಚೀಫಿನಷ್ಟಾಗುವ ತನಕ ಮಡಚಿದಳು. "ಹೋಗ್ಲಿ ಬಿಡಿ ಅಕ್ಕ. ಮಷೀನ್ ಐತಲ್ಲ" ಅಂದಳು. ಆಕೆ ಬೈದಿದ್ದರೆ ವಾಸಿಯಿತ್ತು.

ಮೊಬೈಲ್ ಅಂಗಡಿಯವನು ಧೈರ್ಯ ಬಿಡಲಿಲ್ಲ. "ನಮಗೆಲ್ಲ ಬರೋ ಹಾಡು ಒಂದೈತಲ್ಲ, ಅದನ್ನೇ ಹಾಡಾನ." ಆದರೆ ಎರಡನೇ ತಂಡ ಅದೇ ಹಾಡನ್ನು, ನಾವು ಕನಸಿನಲ್ಲೂ ಹಾಡದಷ್ಟು ಚೆನ್ನಾಗಿ ಹಾಡಿ ಕೂತಿತು. "ಹಂಗಾದ್ರೆ ಕುರಿ ಕತೆನೇ ರಾಗವಾಗಿ ಹೇಳಾನ" ಅಂದ. ನೀರಿನ ಟ್ಯಾಂಕಿನ ಹಿಂದೆ ನಿಂತು ಪ್ರಯತ್ನಿಸಿದೆವು. ಪಕ್ಕದ ಮನೆಯವರು ಮಗ್ಗ ನಿಲ್ಲಿಸಿ ಹೊರಗೆ ಬಂದು ನೋಡಿದರು. ಅಲ್ಲಿಗೆ ಬಿಟ್ಟೆವು.

ನಮ್ಮ ಸರದಿ ಒಂಬತ್ತನೆಯದು. ಐದು ಜನ ಸಾಲಾಗಿ ನಿಂತೆವು. ಎದುರಿಗೆ ಕುರ್ಚಿಯಲ್ಲಿ ಹೆಡ್‌ಮೇಡಂ, ಬಿಳಿ ಕೂದಲು, ಕೆಂಪು ಪೆನ್ನು. ಮುಂದೆ ಚಾಪೆ ಮೇಲೆ ಚಿಕ್ಕ ಮಕ್ಕಳ ಹಿಂಡು. ಎಂಟು ಹಾಡು ಕೇಳಿ ಕೇಳಿ ಒಬ್ಬರ ಜಡೆ ಒಬ್ಬರು ಎಳೆಯುತ್ತಿದ್ದರು. ಕೀಬೋರ್ಡಿನವನು ಒಂದು ಸ್ವರ ಒತ್ತಿ ಹಿಡಿದು ನಮ್ಮ ಕಡೆ ನೋಡಿದ. ನಾವು ಅವನ ಕಡೆ ನೋಡಿದೆವು. ಸ್ವರ ಹಾಗೇ ಇತ್ತು.

ಚಾಪೆಯ ಮೇಲಿದ್ದ ಒಂದು ಪುಟ್ಟ ಹುಡುಗಿ ನಮ್ಮ ಟೈಲರ್ ಹುಡುಗಿಯ ಕೈ ತೋರಿಸಿ, "ಅದೇನು?" ಅಂದಳು. ಗಾಬರಿಯಲ್ಲಿ ಇವಳು ಒಂದು ಕುರಿಯನ್ನು ಹಿಡಿದುಕೊಂಡೇ ನಿಂತುಬಿಟ್ಟಿದ್ದಳು.

"ಕುರಿ" ಅಂದಳು.

"ಅದಕ್ಕೆ ಬಾಯಿ ಇಲ್ಲ."

"ಐತೆ. ಮೇಯಕ್ಕೆ ಹೋದಾಗ ತೆಗೀತದೆ" ಅಂದವಳು ಚಾಪೆ ಮೇಲೆ ಕೂತೇಬಿಟ್ಟಳು. ದೊಡ್ಡವರಿಗೂ ಮಾರ್ಕ್ಸಿಗೂ ಬೆನ್ನು ಹಾಕಿ. ನಾನು ಮತ್ತು ಮೊಬೈಲ್ ಅಂಗಡಿಯವನು ಕರಿ ಬಟ್ಟೆ ಬಿಚ್ಚಿ ಎರಡು ತುದಿ ಹಿಡಿದೆವು. ಅವಳು ಒಂದು ಕುರಿ ಅಂದರೆ ಹತ್ತು ಅಂತ ಲೆಕ್ಕ ಹೇಳಿ, ಮಕ್ಕಳ ಕೈಯಲ್ಲಿ ಒಂದೊಂದಾಗಿ ಚುಚ್ಚಿಸಿದಳು. ಮಕ್ಕಳು ಹತ್ತು, ಇಪ್ಪತ್ತು ಅಂತ ಎಣಿಸಿದರು. ಅರ್ಧ ಕನ್ನಡ, ಅರ್ಧ ತೆಲುಗು. ತೊಂಬತ್ತು ಆಯಿತು, ತೊಂಬೈ ಆಯಿತು, ಮುಂದಕ್ಕೆ ಕುರಿ ಇಲ್ಲ. ಕವರಿನಲ್ಲಿ ಕೈಯಾಡಿಸಿದಳು. ಒಂಬತ್ತೇ ಕುರಿ. ಒಂದನ್ನು ಕಥೆಯ ಮಧ್ಯೆ ಅಡಗಿಸಿಡಬೇಕಿತ್ತು. ಅದು ತಾನಾಗಿಯೇ ಮೊದಲೇ ಹೋಗಿಬಿಟ್ಟಿತ್ತು.

"ಒಂದು ಕಳೆದೋಗೈತೆ" ಅಂದಳು. ಈ ಸಲ ಪಾಠ ಒಪ್ಪಿಸುವ ದನಿಯಲ್ಲ.

"ಒಂದಲ್ಲ ಮಿಸ್, ಹತ್ತು" ಅಂದಳು ಆ ಪುಟ್ಟ ಹುಡುಗಿ. ಅವಳನ್ನು ಯಾರಾದರೂ ಮಿಸ್ ಅಂದದ್ದು ಅದೇ ಮೊದಲು. ಆಮೇಲೆ ಪುಸ್ತಕದಲ್ಲಿ ಬರೆದುಕೊಂಡೆ.

"ಹುಡುಕೋಕೆ ಹೋಗ್ಬೇಕಾ ಬೇಡ್ವಾ?"

"ಹೋಗ್ಬೇಕು" ಅಂತ ಕೆಲವರು. ಇನ್ನೊಬ್ಬಳು, "ಮಿಕ್ಕಿದ್ದನ್ನ ಯಾರು ನೋಡ್ಕೊಂತಾರೆ? ನಾಯಿ ತಿಂದ್ರೆ?" ಅಂದಳು.

ಶಾಮಿಯಾನದ ಕಂಬಕ್ಕೆ ಒರಗಿದ್ದ ನಮ್ಮ ಡ್ರೈವರ್ ನೆಟ್ಟಗೆ ನಿಂತ.

"ಅದಕ್ಕೇ ಅವನು ಪಕ್ಕದ ಮಂದೆಯೋನಿಗೆ ಕೂಗಿದ" ಅಂದಳು ಹುಡುಗಿ. "ಏನಂತ? ಲೇ, ಇವನ್ನ ಒಂಚೂರು ನೋಡ್ಕಳ್ಲೇ. ಎಲ್ರೂ ಕೂಗಿ ನೋಡಾನ."

ಮಕ್ಕಳು ಕೂಗಿದರು. ಮೂವತ್ತು ಮಕ್ಕಳು ಒಟ್ಟಿಗೆ ಲೇ ಅಂದರೆ ಹೇಗಿರುತ್ತದೆ, ಚರ್ಚಿನ ಅಂಗಳದಲ್ಲಿ ಅವತ್ತು ಕೇಳಿದೆ. ಡೋಲಕ್ಕಿನವನಿಗೆ ತಡೆಯಲಾಗಲಿಲ್ಲ, ಎರಡು ಪೆಟ್ಟು ಹಾಕಿದ. ಮತ್ತೆ ಕೂಗಿದರು. ಹಿಂದಿನಿಂದ ಡ್ರೈವರ್, "ಆಯ್ತು ಹೋಗ್ಲೇ, ನೋಡ್ಕಂತೀನಿ" ಅಂತ ಉತ್ತರ ಕೊಟ್ಟ.

ಅಷ್ಟರಲ್ಲಿ ನನಗೆ ಬ್ಯಾಗಿನ ನೆನಪಾಯಿತು. ಬಟ್ಟೆಯ ತುದಿಯನ್ನು ಕೀಬೋರ್ಡಿನವನ ಕೈಗೆ ಕೊಟ್ಟು ಹೋಗಿ ತೆಗೆದರೆ, ಕುರಿ ಚಿತ್ರಾನ್ನದ ಡಬ್ಬಿಯ ತಳಕ್ಕೆ ಅಂಟಿಕೊಂಡಿದೆ. ಎಣ್ಣೆ ಕುಡಿದು ಪೂರ್ತಿ ಅರಿಶಿನದ ಬಣ್ಣ, ಬೆನ್ನ ಮೇಲೆ ಒಂದು ಸಾಸಿವೆ. ಅದನ್ನೇ ಎತ್ತಿ ಹಿಡಿದು ಬಂದೆ. ಮಕ್ಕಳು ಎದ್ದು ಕುಣಿದರು. "ಹಳದಿ ಆಗೈತೆ ಮಿಸ್!"

"ಊಟದ ಮನೆ ಹುಡ್ಕೊಂಡು ಹೋಗಿತ್ತು" ಅಂದಳು ಹುಡುಗಿ, ಅದನ್ನು ನಡುವೆ ಚುಚ್ಚುತ್ತಾ. "ಕಳೆದೋದ್ರೂ ನಮ್ದೇ. ಬಣ್ಣ ಬದಲಾದ್ರೂ ನಮ್ದೇ."

ಹತ್ತು ನಿಮಿಷದ ಗಂಟೆ ಹೊಡೆದ ಕಾರ್ಯದರ್ಶಿಯನ್ನು ಮಕ್ಕಳೇ "ಶ್" ಅಂತ ಗದರಿಸಿದರು.

ಊಟವಾದ ಮೇಲೆ ಫಲಿತಾಂಶ ಬಂತು. ಬಹುಮಾನ ಒಂದೇ ಬಣ್ಣದ ಸೀರೆಯವರಿಗೆ ಹೋಯಿತು, ನ್ಯಾಯವಾಗಿಯೇ. ಹೆಡ್‌ಮೇಡಂ ಕನ್ನಡಕ ಸರಿಮಾಡಿಕೊಂಡು, "ಚಳ್ಳಕೆರೆಯವರು. ಶ್ರುತಿಗೆ ಸೊನ್ನೆ, ತಾಳಕ್ಕೆ ಎರಡು, ಅದೂ ನಮ್ ಡೋಲಕ್ಕಿನವನದು" ಅಂತ ಓದಿದರು. ಮೊಬೈಲ್ ಅಂಗಡಿಯವನು ಎದ್ದು ಕೈ ಮುಗಿದ. ಆಮೇಲೆ ಅವರು ಹುಡುಗಿಯನ್ನು ಹತ್ತಿರ ಕರೆದರು. ನಾನೂ ಜೊತೆಗೆ ಹೋದೆ.

"ಜೂನ್‌ಗೆ ಶಿಶುವಿಹಾರ ತೆಗೀತೀವಿ. ಬರ್ತೀಯಾ?"

ಹುಡುಗಿ ಕೈಯಲ್ಲಿದ್ದ ಕರಿ ಬಟ್ಟೆಯನ್ನು ಮತ್ತೆ ಮಡಚತೊಡಗಿದಳು.

"ಹೆಸರೇನಮ್ಮ?"

ಅಪ್ಪನ ಹೆಸರು ಹೇಳಿದಳು.

ನನಗೆ ಕಣ್ಣು ಮುಚ್ಚಿಕೊಳ್ಳುವಂತಾಯಿತು. ಹೆಡ್‌ಮೇಡಂ ಕೆಂಪು ಪೆನ್ನಿನ ಕ್ಯಾಪ್ ಹಾಕಿದರು. "ದೊಡ್ಡೋರ ಮುಂದೆ ಮಾತು ಬರಲ್ಲ, ಅಲ್ವಾ? ಬರ್ದಿದ್ರೆ ಬ್ಯಾಡ. ದೊಡ್ಡೋರಿಗೆ ಪಾಠ ಹೇಳೋರು ಇಲ್ಲಿ ಬೇಕಾದಷ್ಟು ಜನ ಅದಾರೆ" ಅಂದರು. ಠ ಅನ್ನು ಮಾತ್ರ ಪೂರ್ತಿ ಉಸಿರು ಕೊಟ್ಟು ಹೇಳಿದರು. ಹಳೇ ಕಾಲದ ಹೆಡ್‌ಮೇಡಂ ಅಲ್ಲವೇ.

ಅವಳು ಈಗ ಮೊಳಕಾಲ್ಮೂರಿನಲ್ಲಿ, ಒಂದು ನೇಕಾರರ ಮನೆಯ ಮಹಡಿ ಕೋಣೆಯಲ್ಲಿದ್ದಾಳೆ. ನಮ್ಮ ಹಾಜರಿ ನಾಲ್ಕಕ್ಕೆ ಇಳಿದಿದೆ. ಅವಳ ಸಾಲನ್ನು ನಾನು ತೆಗೆದಿಲ್ಲ. ಗೈರು ಅನ್ನುವ ಕಡೆ ಮೊ. ಅಂತ ಬರೆಯುತ್ತೇನೆ. ಹಳದಿ ಕುರಿಯನ್ನು ಅವಳು ಒಗೆದಿಲ್ಲವಂತೆ. ಒಗೆಯಲು ಮಕ್ಕಳು ಬಿಡುವುದಿಲ್ಲವಂತೆ.

ಹೋದ ವಾರ ಅವಳಿಂದ ವಾಯ್ಸ್ ಮೆಸೇಜ್ ಬಂತು. ಹಿಂದೆ ಮಕ್ಕಳ ಗಲಾಟೆ. ಮಧ್ಯದಲ್ಲಿ "ಕೂತ್ಕೊಳ್ರಿ" ಅಂತ ಅವಳು ಹಾಕಿದ ಗದರಿಕೆಗೆ ನಾನೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. "ಅಕ್ಕಾ, ಈ ಸಲದ ಕೂಟಕ್ಕೆ ನಿಮ್ ಕಡೆಯಿಂದ ಒಂದು ಪಾಟ ಇರ್ಲಿ." ಈರುಳ್ಳಿ ಹೆಚ್ಚುತ್ತಾ ಮೂರು ಸಲ ಕೇಳಿದೆ. ನಾಲ್ಕು ತಿಂಗಳು ಆ ಊರಿನಲ್ಲಿದ್ದವಳು ಹಾಡು ಅಂದಳೋ ಪಾಠ ಅಂದಳೋ ಗೊತ್ತಾಗಲಿಲ್ಲ. ಪುಸ್ತಕದಲ್ಲಿ ಆ ಅಕ್ಷರದ ಜಾಗ ಖಾಲಿ ಬಿಟ್ಟು, ಅವಳಿಗೇ ಫೋನ್ ಮಾಡಿದೆ.