ಸಿಲ್ಕೆ ಕುಡಿದ ರಾಗಿ ಮಾಲ್ಟ್

ಸಿಲ್ಕೆ ಆಸ್ಟ್ರೇಲಿಯಾದ ಪರ್ತ್ ನಗರದ ಕ್ಯಾನಿಂಗ್ ವೇಲ್ ಬಡಾವಣೆಯ ಸುಭದ್ರಮ್ಮನ ಮನೆಗೆ ಬಂದ ದಿನ, ಬಾಗಿಲ ಮುಂದಿನ ಮೆಟ್ಟಿಲುಗಳನ್ನು ಬಲಗಾಲಿಟ್ಟು ಹತ್ತಿದಳು. ಪ್ರತಿ ಮೆಟ್ಟಿಲಿಗೂ ಬಲಗಾಲೇ ಮುಂದೆ. ಯಾರೂ ಹೇಳಿಕೊಡದೆ ಇಷ್ಟು ಸಂಪ್ರದಾಯ ಬಲ್ಲ ಹುಡುಗಿ ಜರ್ಮನಿಯಲ್ಲೂ ಇದ್ದಾಳಲ್ಲ ಎಂದು ಸುಭದ್ರಮ್ಮ ಸಂತೋಷಪಟ್ಟರು. ಎಡಮಂಡಿ ಭಾರ ತಡೆಯದ್ದರಿಂದ ಅವಳು ಹಾಗೆ ಹತ್ತಿದಳೆಂಬುದು ಅವರಿಗೆ ತಿಳಿದದ್ದು ಆಮೇಲೆ.

ಪರ್ತ್ ನಗರದ ಮಹಿಳೆಯರ ಫುಟ್‌ಬಾಲ್ ತಂಡವೊಂದು ಹೊರದೇಶದಿಂದ ಕರೆಸಿದ ಆಟಗಾರ್ತಿಯರನ್ನು ಆಟದ ಋತು ಮುಗಿಯುವವರೆಗೆ ಊರಿನ ಕುಟುಂಬಗಳ ಜೊತೆ ಇರಿಸುತ್ತಿತ್ತು. ಪಕ್ಕದ ವಿಲೆಟನ್ನಿನ ಶಾಲೆಯಲ್ಲಿ ಓದುತ್ತ, ಶನಿವಾರಗಳಂದು ಚೆಂಡಿನ ಹಿಂದೆ ಓಡುತ್ತಿದ್ದ ಸುಭದ್ರಮ್ಮನ ಮಗಳು ಅದಿತಿ, ಒಬ್ಬಳನ್ನು ನಮ್ಮಲ್ಲೇ ಇರಿಸಿಕೊಳ್ಳೋಣವೆಂದು ಹಠ ಹಿಡಿದಳು. ಎಂಜಿನಿಯರ್ ಆಗಿದ್ದ ಗಂಡ ನಾಗರಾಜರು, "ರೂಮ್ ಖಾಲಿ ಬಿದ್ದಿದೆ, ಇರ್ಲಿ ಬಿಡೇ. ಆದ್ರೆ ದಿನಾ ನಿನ್ನ ಖಾರದ ಸಾರು ಬಡಿಸಿ ಓಡಿಸ್ಬಿಡಬೇಡ," ಎಂದು ನಕ್ಕರು.

ಸಾರು ಅವಳನ್ನು ಓಡಿಸಲಿಲ್ಲ. ರಾಗಿ ಮಾಲ್ಟ್ ಅಂತೂ ಕಟ್ಟಿಹಾಕಿತು. ಬೆಳಗಿನ ಅಭ್ಯಾಸಕ್ಕೆ ಹೊರಡುವ ಮುನ್ನ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ದೊಡ್ಡ ಲೋಟದ ತುಂಬ ಕುಡಿಯುವಳು. ಕುಡಿಯುತ್ತ ತನ್ನ ಕಥೆ ಹೇಳುವಳು. ಮಾತೆಲ್ಲ ಇಂಗ್ಲಿಷಿನಲ್ಲೇ. ಅದಿತಿಯ ಗೆಳತಿಯರಿಂದ ಕಲಿತ 'ಆಂಟಿ' ಮಾತ್ರ ಮಾತಿಗೊಮ್ಮೆ ಬರುತ್ತಿತ್ತು.

ಕಾಸೆಲ್ ಪಟ್ಟಣದ ಬಳಿಯ ಸಣ್ಣ ಊರು ಅವಳದು. ತಂದೆ ಬಸ್ ಚಾಲಕ. ಹುಡುಗರ ನಡುವೆ ಆಡಿ ಬೆಳೆದು, ಹದಿನೇಳರಲ್ಲಿ ಕ್ಲಬ್ ಸೇರಿ, ಎರಡನೆಯ ದರ್ಜೆಯಿಂದ ಮೊದಲನೆಯ ದರ್ಜೆಗೆ ಏರಿದ್ದಳು. ಅವಳ ಜಾಗ ಮೈದಾನದ ನಡುಭಾಗ, ಮಿಡ್‌ಫೀಲ್ಡ್. ಹಾಗೆಂದರೇನೆಂದು ಸುಭದ್ರಮ್ಮನಿಗೆ ಹೊಳೆದದ್ದು ಒಂದು ಪಂದ್ಯ ನೋಡಿದ ಮೇಲೆ. "ನೀನು ಮದುವೆಮನೆಯಲ್ಲಿ ಬಡಿಸೋರ ಹಾಗೆ ಕಣೆ. ಅಡುಗೆಮನೆಯಿಂದ ತಗೊಂಡು ಪಂಕ್ತಿಗೆ ಮುಟ್ಟಿಸ್ತೀಯ. ಊಟ ಮಾಡಿದೋರು ಅಡುಗೆಯವನನ್ನ ಹೊಗಳ್ತಾರೆ, ಬಡಿಸಿದೋರನ್ನ ಯಾರೂ ಕೇಳಲ್ಲ." ಅದಿತಿ ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಸಿಲ್ಕೆ ಲೋಟ ಕೆಳಗಿಟ್ಟು ನಕ್ಕಳು. "ಹನ್ನೆರಡು ವರ್ಷದಲ್ಲಿ ಯಾವ ಕೋಚೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಆಂಟಿ!"

ಇಪ್ಪತ್ತೈದರಲ್ಲಿ ಎಡಮಂಡಿಯ ಒಳಗಿನ ಲಿಗಮೆಂಟ್ ಹರಿಯಿತು. ಶಸ್ತ್ರಚಿಕಿತ್ಸೆಯಾಯಿತು, ಕ್ಲಬ್ಬು ಕೈಬಿಟ್ಟಿತು. ಆಸ್ಟ್ರೇಲಿಯಾಕ್ಕೆ ಬಂದು ಅಡಿಲೇಡಿನಲ್ಲಿ ಒಂದು ಋತು ಆಡಿದಳು. ಆಮೇಲೆ ಬ್ರಿಸ್ಬೇನ್, ಅಲ್ಲಿಯ ಸೇಂಟ್ ಲೂಸಿಯಾ ಬಡಾವಣೆಯಲ್ಲಿ ವಿದ್ಯಾರ್ಥಿಗಳ ಜೊತೆ ಬಾಡಿಗೆ ಮನೆ, ಕೆಲಸಕ್ಕೆ ದೋಣಿ ಹಿಡಿದು ನಗರಕ್ಕೆ. ಈಗ ಪರ್ತ್. ಜರ್ಮನಿಯಲ್ಲಿ ಅವಳ ಊರಿನ ಪಕ್ಕದ ಕ್ಲಬ್ಬು ಈ ಸಲ ಮೊದಲ ದರ್ಜೆಗೆ ಬಂದಿತ್ತು. ಈ ಋತುವನ್ನು ಬಿಡುವಿಲ್ಲದೆ ಆಡಿ ತೋರಿಸಿದರೆ ಒಂದು ವರ್ಷಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿಯ ಮೇಲ್ವಿಚಾರಕರು ಮಾತು ಕೊಟ್ಟಿದ್ದರು.

"ವಾರದ ಕೊನೆಗೆಲ್ಲ ಅಪ್ಪನಿಗೆ ಬಸ್ ಡ್ಯೂಟಿ. ನನ್ನ ಆಟವನ್ನು ಅವರು ಮೈದಾನದಲ್ಲಿ ಕೂತು ನೋಡಿದ್ದೇ ಇಲ್ಲ. ಈಗ ನಿವೃತ್ತರಾಗಿದ್ದಾರೆ. ಆ ಒಂದು ವರ್ಷ ಸಿಕ್ಕರೆ ಸಾಕು ಆಂಟಿ," ಎಂದಳು ಸಿಲ್ಕೆ.

ಆ ಮಾತು ಸುಭದ್ರಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವರಿಗೂ ಮಂಡಿನೋವು ಇತ್ತು. ಮೈಸೂರಿನ ಪಂಡಿತರೊಬ್ಬರು ಕೊಡುವ ಪುಡಿಯೊಂದನ್ನು ಅವರು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದರು. ಊರಿಗೆ ಹೋದಾಗಲೆಲ್ಲ ಒಂದು ಡಬ್ಬಿ ತಂದು, ವಿಮಾನ ನಿಲ್ದಾಣದಲ್ಲಿ ಚಟ್ನಿಪುಡಿಯೆಂದು ದಾಟಿಸುತ್ತಿದ್ದರು. ಅದನ್ನು ಕೊಡಲು ಹೋದರೆ ಸಿಲ್ಕೆ ಕೈ ಮುಂದೆಮಾಡಿ ತಡೆದಳು. "ಬೇಡ ಆಂಟಿ. ತಂಡದ ಡಾಕ್ಟರನ್ನು ಕೇಳದೆ ನಾನು ಕೆಮ್ಮಿನ ಔಷಧಿಯನ್ನೂ ಮುಟ್ಟುವ ಹಾಗಿಲ್ಲ."

ನಮ್ಮ ಮದ್ದಿನ ಮೇಲೆ ನಂಬಿಕೆಯಿಲ್ಲ, ಪಾಪ, ಎಂದುಕೊಂಡರು ಸುಭದ್ರಮ್ಮ. ಅದಿತಿ ಚಿಕ್ಕವಳಾಗಿದ್ದಾಗ ಕಹಿ ಔಷಧಿಯನ್ನು ಬಾಳೆಹಣ್ಣಿನೊಳಗೆ ಹುದುಗಿಸಿ ತಿನ್ನಿಸಿದ ಕೈ ಅದು. ಮರುದಿನ ಬೆಳಿಗ್ಗೆ ರಾಗಿ ಮಾಲ್ಟಿಗೆ ಅರ್ಧ ಚಮಚ ಪುಡಿ ಬಿತ್ತು. ಕಹಿ ತಿಳಿಯದಿರಲೆಂದು ಬೆಲ್ಲ ಒಂದು ಚೂರು ಹೆಚ್ಚು ಬಿತ್ತು.

ವಾರ ತುಂಬುವಷ್ಟರಲ್ಲಿ ಸಿಲ್ಕೆ ಮೆಟ್ಟಿಲುಗಳನ್ನು ಎರಡೂ ಕಾಲಲ್ಲಿ ಓಡಿ ಹತ್ತಿದಳು. "ಆಂಟಿ, ನೋವೇ ಇಲ್ಲ! ನಿಮ್ಮ ರಾಗಿಯಲ್ಲಿ ಏನಿದೆ?"

"ಪ್ರೀತಿ ಇದೆ," ಎಂದರು ಸುಭದ್ರಮ್ಮ.

ತಂಡ ಬ್ರಿಸ್ಬೇನಿಗೂ ಅಲ್ಲಿಂದ ನೇರವಾಗಿ ಅಡಿಲೇಡಿಗೂ ಹೊರಟಾಗ, ಅವರು ರಾಗಿಹಿಟ್ಟು, ಬೆಲ್ಲ, ಏಲಕ್ಕಿಯ ಜೊತೆ ಪುಡಿಯನ್ನೂ ಬೆರೆಸಿ ಒಂದು ಡಬ್ಬಿ ಕಟ್ಟಿಕೊಟ್ಟರು.

ಬ್ರಿಸ್ಬೇನಿನ ಪಂದ್ಯವನ್ನು ಮನೆಮಂದಿಯೆಲ್ಲ ಟಿವಿಯಲ್ಲಿ ನೋಡಿದರು. ಸಿಲ್ಕೆ ಕೊನೆಯವರೆಗೂ ಮೈದಾನ ಬಿಡಲಿಲ್ಲ. ಗೆಲುವಿನ ಗೋಲು ಬಂದದ್ದು ಅವಳು ಒದ್ದುಕೊಟ್ಟ ಚೆಂಡಿನಿಂದ. ಸುಭದ್ರಮ್ಮನ ತಮ್ಮ ಚಂದ್ರಮೌಳಿ ಅಡಿಲೇಡಿನ ಆಸ್ಪತ್ರೆಯೊಂದರಲ್ಲಿ ವೈದ್ಯರು. ಮೂರು ದಿನದ ಮೇಲೆ, ತಂಡ ಅಡಿಲೇಡಿಗೆ ಬಂದಿಳಿದಿದ್ದಾಗ, ಅವರು ಫೋನ್ ಮಾಡಿದರು.

"ಅಕ್ಕಾ, ನಿಮ್ಮನೆ ಹುಡುಗಿ ಏನ್ ಓಡ್ತಾಳೆ! ಆ ಮಂಡಿ ಇಟ್ಕೊಂಡು ಹ್ಯಾಗೆ ಅಂತೀನಿ."

ಸುಭದ್ರಮ್ಮನಿಗೆ ಹೆಮ್ಮೆ ತಡೆಯಲಾಗಲಿಲ್ಲ. "ನಿಮ್ಮ ಆಸ್ಪತ್ರೆಗಳಲ್ಲಿ ಆಗದ್ದು ನಮ್ಮ ಪಂಡಿತರ ಪುಡಿಯಲ್ಲಿ ಆಯ್ತು ನೋಡು. ಮಾಲ್ಟಿಗೆ ಹಾಕ್ತಿದ್ದೆ. ಅವಳಿಗೆ ಗೊತ್ತೇ ಇಲ್ಲ!"

"ಅಕ್ಕಾ, ಆ ಪುಡಿ ತಗೊಂಡ್ರೆ ನಿನಗೆ ಎಷ್ಟು ಬೇಗ ನೋವು ಹೋಗುತ್ತೆ?"

"ಒಂದೆರಡು ದಿನ."

"ಬಿಟ್ರೆ?"

"ಮೊದಲಿಗಿಂತ ಜೋರಾಗಿ ಬರುತ್ತೆ. ಅದಕ್ಕೇ ಬಿಡಲ್ಲ."

"ಅಯ್ಯೋ, ಅಕ್ಕಾ! ಬೇರಿನ ಪುಡಿ ಹಾಗೆ ಕೆಲಸ ಮಾಡಲ್ಲ. ಅದರಲ್ಲಿ ಸ್ಟೀರಾಯ್ಡ್ ಮಾತ್ರೆ ಅರೆದು ಸೇರಿಸಿರ್ತಾರೆ. ನಿನ್ನ ಮುಖ ಊದ್ಕೊಂಡಿದ್ದು, ಶುಗರ್ ಬಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ನಿನ್ನದು ಹಾಗಿರ್ಲಿ, ಆ ಹುಡುಗಿ ಪಂದ್ಯದ ದಿನ ಅದನ್ನ ಕುಡಿದಿದ್ರೆ ಉದ್ದೀಪನ ಮದ್ದು ಅಂತಾರೆ. ಎರಡು ವರ್ಷ ಆಟದಿಂದ ಹೊರಗೆ ಹಾಕ್ತಾರೆ!"

ಸುಭದ್ರಮ್ಮ ಪುಡಿಯ ಡಬ್ಬಿಯನ್ನು ಕಪಾಟಿನಿಂದ ತೆಗೆದು ನೋಡಿದರು. ಅಷ್ಟರಲ್ಲಿ ಅದಿತಿ ತನ್ನ ಫೋನ್ ಹಿಡಿದು ಓಡಿಬಂದಳು. "ಅಮ್ಮಾ, ಲುಕ್! ಸಿಲ್ಕೆ ಸೇಸ್ ನಾಳೆ ಮ್ಯಾಚಿಗೆ ಮುಂಚೆ ಹೋಲ್ ಟೀಮಿಗೆ ರಾಗಿ ಮಾಡ್ಕೊಡ್ತಾಳಂತೆ. ಹೌ ಕ್ಯೂಟ್!" ಚಿತ್ರದಲ್ಲಿ ಸಿಲ್ಕೆ ಅದೇ ಡಬ್ಬಿಯನ್ನು ಎತ್ತಿಹಿಡಿದು ನಗುತ್ತಿದ್ದಳು.

ಸುಭದ್ರಮ್ಮ ಕಿರುಚಿದ ಸದ್ದಿಗೆ ನಾಗರಾಜರು ಮಹಡಿಯಿಂದ ಇಳಿದು ಬಂದರು. ಸಿಲ್ಕೆಗೆ ಫೋನ್ ಮಾಡಿದರೆ ಉತ್ತರವಿಲ್ಲ. ತಂಡದವರು ಊಟದ ಹೊತ್ತಿನಲ್ಲಿ ಫೋನುಗಳನ್ನು ಮುಟ್ಟುವಂತಿರಲಿಲ್ಲ. ಚಂದ್ರಮೌಳಿ ಕಾರು ಹತ್ತಿ ತಂಡವಿದ್ದ ಹೋಟೆಲಿಗೆ ಧಾವಿಸಿದರು. "ನಾನೇ ಹೇಳ್ಲಾ ಅಕ್ಕಾ?" ಎಂದು ದಾರಿಯಲ್ಲಿ ಕೇಳಿದರು.

"ಬೇಡ. ಅವಳ ಕೈಗೆ ಫೋನ್ ಕೊಡು. ಹಾಕಿದವಳು ನಾನು."

"ಹಲೋ ಆಂಟಿ! ನಿಮ್ಮ ತಮ್ಮ ಬಂದಿದ್ದಾರೆ, ಏನಿದು ಸರ್ಪ್ರೈಸ್?" ಸಿಲ್ಕೆಯ ದನಿ ನಗುತ್ತಿತ್ತು. ಸುಭದ್ರಮ್ಮ ತಮಗೆ ಬರುವ ಇಂಗ್ಲಿಷಿನಲ್ಲಿ, ತಡವರಿಸುತ್ತ, ಒಂದನ್ನೂ ಮುಚ್ಚಿಡದೆ ಹೇಳಿದರು. ನಗು ಯಾವಾಗ ಆರಿಹೋಯಿತೋ ತಿಳಿಯಲಿಲ್ಲ. ಆಮೇಲೆ ಕೇಳಿಸಿದ ದನಿ ಗುರುತೇ ಸಿಗದಷ್ಟು ಸಣ್ಣಗಿತ್ತು.

"ಬ್ರಿಸ್ಬೇನಿನಲ್ಲಿ ಆಟ ಮುಗಿದ ಮೇಲೆ ಪರೀಕ್ಷೆಗೆ ನನ್ನ ಮೂತ್ರ ತೆಗೆದುಕೊಂಡರು, ಆಂಟಿ."

ಅಷ್ಟು ಹೇಳಿ ಅವಳು ಫೋನನ್ನು ಚಂದ್ರಮೌಳಿಗೆ ಹಿಂತಿರುಗಿಸಿದಳು. ನೇರವಾಗಿ ತಂಡದ ವೈದ್ಯರ ಬಳಿ ಹೋಗಿ, ಡಬ್ಬಿಯನ್ನು ಅವರ ಮುಂದಿಟ್ಟಳು. ಮರುದಿನ ಅಡಿಲೇಡಿನ ಮೈದಾನದಲ್ಲಿ ಅವಳಿರಲಿಲ್ಲ. ತಂಡದಲ್ಲಿ ಯಾರೂ ರಾಗಿ ಕುಡಿಯಲಿಲ್ಲ. ಮುಂದಿನ ವಾರಗಳಲ್ಲಿ ಪರೀಕ್ಷೆಯ ಫಲ ಬಂತು. ಚಂದ್ರಮೌಳಿಯ ಅನುಮಾನ ನಿಜವಾಗಿತ್ತು.

ವಿಚಾರಣೆ ವಿಡಿಯೋ ಮೂಲಕ ನಡೆಯಿತು. ತೆರೆಯ ಮೇಲೆ ತೀರ್ಪು ಕೊಡಬೇಕಿದ್ದ ಮೂವರು ಅಪರಿಚಿತರು. ನಾಗರಾಜರು, "ಲಾಯರನ್ನ ಕೇಳಿ ಮಾತಾಡೋಣ, ನಮ್ಮ ಮೇಲೇ ಕೇಸ್ ಬಂದ್ರೆ?" ಎಂದು ಕೈ ಹಿಡಿದರು. ಸುಭದ್ರಮ್ಮ ಕೈ ಬಿಡಿಸಿಕೊಂಡು ಕ್ಯಾಮೆರಾದ ಮುಂದೆ ಕೂತರು. ಪುಡಿ ಬೆರೆತದ್ದು ಸಿಲ್ಕೆಗೆ ಗೊತ್ತಿತ್ತೇ ಎಂದು ಅವರು ಕೇಳಿದ್ದಕ್ಕೆ, "ಇಲ್ಲ. ಬೇಡ ಎಂದಿದ್ದಳು. ಬೇಡ ಎಂದ ಮೇಲೂ ಕದ್ದು ಹಾಕಿದೆ," ಎಂದರು. ತೆರೆಯ ಮೂಲೆಯಲ್ಲಿ ಸಿಲ್ಕೆಯ ಮುಖವಿತ್ತು. ಅವಳು ಕಣ್ಣೆತ್ತಲಿಲ್ಲ.

ಎರಡು ವರ್ಷವಾಗಬಹುದಾಗಿದ್ದ ನಿಷೇಧ ಕೆಲವು ತಿಂಗಳಿಗೆ ಇಳಿಯಿತು. ಆದರೆ ಸಿಲ್ಕೆಯ ಊರಿನ ಕ್ಲಬ್ಬು ಅಷ್ಟರಲ್ಲಿ ಬೇರೊಬ್ಬಳನ್ನು ತೆಗೆದುಕೊಂಡಿತು. ಪುಡಿ ನಿಂತ ಮೇಲೆ ಮಂಡಿಯೂ ಮೊದಲಿಗಿಂತ ಹೆಚ್ಚು ಊದಿಕೊಂಡಿತು. ತಂದೆ ಕಾದಿದ್ದ ಮೈದಾನಕ್ಕೆ ಸಿಲ್ಕೆ ಇಳಿಯಲಿಲ್ಲ. ಅವಳ ಆಟ ಬ್ರಿಸ್ಬೇನಿಗೇ ಮುಗಿಯಿತು.

ಅವಳು ಊರಿಗೆ ಮರಳುವಳೆಂದೇ ಎಲ್ಲರೂ ತಿಳಿದಿದ್ದರು. ಮರಳಲಿಲ್ಲ. ಈಗ ವಿಲೆಟನ್ನಿನಲ್ಲಿ ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಾಳೆ. ಅಲ್ಲೇ ಒಂದು ಸಣ್ಣ ಬಾಡಿಗೆ ಮನೆಯಲ್ಲಿದ್ದಾಳೆ. ತಿಂಗಳುಗಟ್ಟಲೆ ಸುಭದ್ರಮ್ಮನ ಮನೆಯ ಕಡೆ ಮುಖ ಹಾಕಲಿಲ್ಲ. ಒಂದು ಶನಿವಾರ ಅದಿತಿಯನ್ನು ಬಿಡಲು ಬಂದವಳು, ಬಲಗಾಲನ್ನೇ ಮುಂದಿಡುತ್ತ ಮೆಟ್ಟಿಲು ಹತ್ತಿದಳು.

"ಆಂಟಿ, ರಾಗಿ ಮಾಡ್ತೀರಾ?"

ಸುಭದ್ರಮ್ಮ ಪಾತ್ರೆ ತೆಗೆದು ಒಲೆಯ ಮೇಲಿಟ್ಟರು. ಸಿಲ್ಕೆ ಮೊದಲಿನಂತೆ ಕಟ್ಟೆಗೆ ಒರಗಲಿಲ್ಲ. ಒಲೆಯ ಪಕ್ಕದಲ್ಲೇ ಬಂದು ನಿಂತಳು. ಹಿಟ್ಟಿನ ಡಬ್ಬಿಯಿಂದ ಪಾತ್ರೆಗೆ, ಪಾತ್ರೆಯಿಂದ ಲೋಟಕ್ಕೆ, ಅವರ ಕೈ ಹೋದಲ್ಲೆಲ್ಲ ಅವಳ ಕಣ್ಣು ಹೋಯಿತು. ಸುಭದ್ರಮ್ಮ ಕೈಯನ್ನು ಮರೆಮಾಡಲಿಲ್ಲ. ಒಂದೊಂದನ್ನೂ ಎತ್ತಿ ತೋರಿಸಿ ಹಾಕಿದರು. "ರಾಗಿ. ಹಾಲು. ಬೆಲ್ಲ. ಏಲಕ್ಕಿ. ಇಷ್ಟೇ."

ಈಗಲೂ ಅವಳು ಬಂದಾಗಲೆಲ್ಲ ಅದೇ ರೀತಿ. ಅವಳು ನೋಡುತ್ತಾಳೆ, ಅವರು ಹೆಸರು ಹೇಳುತ್ತ ಹಾಕುತ್ತಾರೆ. ಕೆಲವು ದಿನ ಸಿಲ್ಕೆ ಪೂರ್ತಿ ಕುಡಿಯುತ್ತಾಳೆ. ಕೆಲವು ದಿನ ಲೋಟವನ್ನು ಮುಟ್ಟದೆ ಹಾಗೇ ಬಿಟ್ಟು ಹೋಗುತ್ತಾಳೆ. ಆಗ ಸುಭದ್ರಮ್ಮ ಏನನ್ನೂ ಕೇಳದೆ ಲೋಟ ತೊಳೆದಿಡುತ್ತಾರೆ.