ತಿಮ್ಮರಾಜು ಕುಡಿದ ಚೀನಾ ಟೀ

ಚಿನಕುರಳಿಯ ತಿಮ್ಮರಾಜು ಬೆಲ್ಲದ ಪಾಕ ನೋಡುವುದರಲ್ಲಿ ಎತ್ತಿದ ಕೈ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲನ್ನು ಯಾವ ಗಳಿಗೆಯಲ್ಲಿ ಇಳಿಸಬೇಕೆಂದು ಸುತ್ತಲಿನ ಆಲೆಮನೆಯವರು ಅವರ ಬಾಯನ್ನೇ ನೋಡುತ್ತಿದ್ದರು. ಅವರು ಪಾಕ ಚಪ್ಪರಿಸಿ ತಲೆಯಾಡಿಸಿದರೆ ಮುಗಿಯಿತು. ಅಂಥವರಿಗೆ ಸಕ್ಕರೆ ಕಾಯಿಲೆ ಬಂತು. ಗಾಯ ಮಾಯದೆ ಕಾಲಿನ ಒಂದು ಬೆರಳನ್ನೇ ತೆಗೆಯಬೇಕಾಯಿತು.

ಆಸ್ಪತ್ರೆಯಿಂದ ಬಂದವರು ಆಲೆಮನೆಯ ದಾರಿಯನ್ನೇ ಬಿಟ್ಟರು. ಅಲ್ಲಿಗೆ ಹೋದರೆ ಕೈ ತಡೆಯದು ಎಂಬ ಭಯ. ಸಪ್ಪೆ ಟೀಯನ್ನು ಆರಲು ಬಿಟ್ಟು ಜಗಲಿಯಲ್ಲಿ ಸುಮ್ಮನೆ ಕೂರುತ್ತಿದ್ದರು. ಹೆಂಡತಿ ಪುಟ್ಟಗೌರಮ್ಮನ ಜೊತೆಗೂ ಮಾತು ಕಡಿಮೆಯಾಯಿತು.

ಸೊಸೆ ಶ್ವೇತ ಮೈಸೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಒಮ್ಮೆ ಅಲ್ಲಿಂದ ಚೀನಾದ ಯುನ್ನಾನ್ ಸೀಮೆಯ ಟೀ ಸೊಪ್ಪು ತಂದಳು. ಕಪ್ಪು ಎಲೆಗಳ ನಡುವೆ ಹೊಂಬಣ್ಣದ ಚಿಗುರು. ಪುಟ್ಟಗೌರಮ್ಮ ಅದಕ್ಕೆ ಹಾಲು ಸುರಿದು ಕೊತಕೊತ ಕುದಿಸಿದರು. ಯಾರಿಗೂ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ ಶ್ವೇತ ತಾನೇ ಒಲೆಯ ಮುಂದೆ ನಿಂತಳು. ಕುದಿದ ನೀರನ್ನು ಸೊಪ್ಪಿನ ಮೇಲೆ ಹುಯ್ದು, ತಟ್ಟೆ ಮುಚ್ಚಿ, ಸ್ವಲ್ಪ ಹೊತ್ತಿಗೆ ಸೋಸಿ ಮಾವನಿಗೆ ಕೊಟ್ಟಳು. ಲೋಟದ ತುಂಬ ತಿಳಿಯಾದ ಕೆಂಬಣ್ಣ.

"ಏನವ್ವ ಇದು, ಕಷಾಯ್ವಾ?"

"ಒಂದ್ ಗುಟುಕು ಕುಡೀರಿ ಮಾವ, ಆಮೇಲೆ ಬೈಯಿರಿ."

ತಿಮ್ಮರಾಜು ಮೂಸಿದರು. ಕೆಂಡದಲ್ಲಿ ಸುಟ್ಟ ಗೆಣಸಿನ ವಾಸನೆ! ಕುಡಿದರು. ನಾಲಿಗೆಯ ಮೇಲೆ ನುಣ್ಣಗೆ ಹರಿಯಿತು, ಒಗರು ಇದ್ದೂ ಇಲ್ಲದಂತೆ. ನುಂಗಿದ ಮೇಲೆ ಗಂಟಲಿನಿಂದ ಜೇನಿನಂಥ ಸಿಹಿ ಮೆಲ್ಲಗೆ ಎದ್ದು ಬಂತು.

"ಸಕ್ಕರೆ ಆಕಿದ್ದೀಯಾ? ನಿಜ ಯೋಳು."

"ಒಂದ್ ಕಾಳೂ ಆಕಿಲ್ಲ ಮಾವ. ಆ ಚಿಗುರಲ್ಲೇ ಐತೆ."

"ಗೌರಿ, ಬಾ ಇಲ್ಲಿ! ಪಾಕ ಕಟ್ಟೋ ಮುಂಚೆ ಆವಿ ಏಳ್ತದಲ್ಲ, ಅದೇ ವಾಸ್ನೆ ಕಣೆ ಇದು!"

ಗಂಡ ಹೀಗೆ ಕೂಗಿ ಕರೆದು ಎಷ್ಟು ಕಾಲವಾಗಿತ್ತೋ. ಪುಟ್ಟಗೌರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡೇ ಹೊರಗೆ ಬಂದರು.

ಲೋಟ ಮೂಸುತ್ತ ಕೂತ ತಿಮ್ಮರಾಜುವಿಗೆ ಒಂದು ವಿಷಯ ಹೊಳೆಯಿತು. ಪಾಕದ ಹದ ತನಗೆ ಮೊದಲು ತಿಳಿಯುತ್ತಿದ್ದುದೇ ಮೂಗಿನಿಂದ. ಆ ವಾರವೇ ಕುಂಟುತ್ತ ನಿಂಗರಾಜುವಿನ ಆಲೆಮನೆಗೆ ಹೋದರು. ನಿಂಗರಾಜು ಗಾಬರಿಯಾದ.

"ತಿಮ್ಮಣ್ಣ, ಬಾಯ್ಗೆ ಆಕ್ಕೊಬ್ಯಾಡಿ!"

"ಬಾಯಿ ಯಾಕ್ಲಾ, ಮೂಗೈತೆ."

ಆವಿಗೆ ಮುಖವೊಡ್ಡಿ, ಕಣ್ಣು ಮುಚ್ಚಿ ನಿಂತರು. ಅವರು ಕೈಯೆತ್ತಿದಾಗ ಇಳಿಸಿದ ಪಾಕ ಅಚ್ಚಿನಲ್ಲಿ ಸೊಗಸಾಗಿ ಗಟ್ಟಿಯಾಯಿತು.

ಈಗ ಬೆಲ್ಲ ಕಾಯಿಸುವ ದಿನಗಳಲ್ಲಿ ಅವರು ಅಲ್ಲೇ ಇರುತ್ತಾರೆ, ಪಕ್ಕದಲ್ಲಿ ಟೀ ಫ್ಲಾಸ್ಕು. ಕೆಲಸದವರಿಗೂ ಒಂದೊಂದು ಗುಟುಕು ಕೊಡುತ್ತಾರೆ. ಸಪ್ಪೆಯೆಂದು ಯಾರಾದರೂ ಮುಖ ಕಿವುಚಿದರೆ, "ನುಂಗ್ಬುಟ್ಟು ವಸಿ ತಡಿಯಲಾ, ಸಿಹಿ ಬತ್ತದೆ" ಎನ್ನುತ್ತಾರೆ.